ನೆಲದ ತೇವಕ್ಕೊಂದು ಹೆಸರು

ಮಳೆ ಬಿದ್ದ ಮರುದಿನ ನಮ್ಮ ಕಡೆಯ ರೈತ ಹೊಲಕ್ಕೆ ಹೋದನೆಂದರೆ ಮೊದಲು ಬಗ್ಗಿ ಒಂದು ಹಿಡಿ ಮಣ್ಣನ್ನು ಎತ್ತಿ ಅಂಗೈಯಲ್ಲಿ ಅದುಮಿ ನೋಡುತ್ತಾನೆ. ಉಂಡೆ ಕಟ್ಟಿ, ಬೆರಳು ತಾಗಿಸಿದೊಡನೆ ಉದುರಿದರೆ ‘ಹದವಾಗಿದೆ’ ಎನ್ನುತ್ತಾನೆ. ಕೈಗೆ ಮೆತ್ತಿಕೊಂಡರೆ ಇನ್ನೂ ಹಸಿ. ಹುಡಿಹುಡಿಯಾದರೆ ಹದ ಆರಿತು. ಹದ, ಹಸಿ, ತೇವ, ಪಸೆ, ಜೌಗು ಎಂದು ನೆಲದೊಳಗಿನ ನೀರಿಗೆ ನಮ್ಮಲ್ಲಿ ಎಷ್ಟೊಂದು ಮಾತುಗಳು! ಆ ಊರಿನವರಿಗೆ ಅವುಗಳಲ್ಲಿ ಗೊಂದಲವಿಲ್ಲ.

ಗೊಂದಲ ಹುಟ್ಟುವುದು ಊರು ದಾಟಿದ ಮೇಲೆ. ಪರಸ್ಥಳದಲ್ಲಿ ನೆಲಸಿರುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಮನೆಯವರ ‘ಸಾರು’ ಇನ್ನೊಂದು ಮನೆಯವರ ‘ಹುಳಿ’ ಆಗುವುದನ್ನು ಸಂಘದ ಊಟದ ಪಂಕ್ತಿಯಲ್ಲಿ ನಾವೆಲ್ಲರೂ ಕಂಡಿದ್ದೇವೆ. ಊಟದಲ್ಲಾದರೆ ನಕ್ಕು ಮುಂದಕ್ಕೆ ಹೋಗಬಹುದು. ಆದರೆ ಮುಂದಿನ ಐವತ್ತು ವರ್ಷಗಳಲ್ಲಿ ನೆಲ ಎಷ್ಟು ಒಣಗೀತು ಎಂಬ ಲೆಕ್ಕದಲ್ಲಿಯೇ ಈ ಗೊಂದಲ ನುಸುಳಿದರೆ? ವಿಜ್ಞಾನಿಗಳನ್ನು ಬಹುಕಾಲ ಕಾಡಿದ ಪ್ರಶ್ನೆ ಇದು.

ನೆಲದ ತೇವವೆಂದರೆ ಅಲ್ಪ ಸಂಗತಿಯಲ್ಲ. ವಿಜಾಪುರದಿಂದ ಸೊಲ್ಲಾಪುರದವರೆಗಿನ ಎರೆಭೂಮಿಯಲ್ಲಿ ಹಿಂಗಾರಿ ಜೋಳ ಬೆಳೆಯುವುದು ಬಹುಮಟ್ಟಿಗೆ, ಮಳೆಗಾಲದಲ್ಲಿ ಮಣ್ಣು ಹಿಡಿದಿಟ್ಟುಕೊಂಡ ನೀರಿನ ಬಲದಿಂದಲೇ. ಇಷ್ಟೇ ಅಲ್ಲ. ಮಣ್ಣಿನ ನೀರು ಆವಿಯಾಗುವಾಗ ನೆಲ ತಂಪಾಗುತ್ತದೆ. ಆ ಆವಿ ಮತ್ತೆ ಮೋಡವಾಗಲೂ ನೆರವಾಗುತ್ತದೆ. ನೆಲದ ತೇವವು ಮಳೆಯ ಮೇಲೆ ಬಲವಾದ ಪ್ರಭಾವ ಬೀರುವ ಪ್ರದೇಶಗಳು ಯಾವುವೆಂದು 2004ರಲ್ಲಿ ಹಲವು ಮಾದರಿಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಅಮೆರಿಕದ ಮಧ್ಯದ ಬಯಲು ಮತ್ತು ಆಫ್ರಿಕದ ಸಾಹೆಲ್‌ಗಳ ಜೊತೆಗೆ ಭಾರತದ ಹೆಸರೂ ಬಂದಿತು.

ಮಾದರಿ ಎಂದೆವು. ಇದು ಭೂಮಿ, ಗಾಳಿ, ಕಡಲುಗಳ ನಡವಳಿಕೆಯನ್ನು ಗಣಿತದ ಸೂತ್ರಗಳಲ್ಲಿ ಬರೆದು ಕಂಪ್ಯೂಟರಿನಲ್ಲಿ ನಡೆಸುವ ಲೆಕ್ಕ. 1969ರಲ್ಲಿ ಸ್ಯುಕುರೊ ಮನಾಬೆ ಎಂಬ ವಿಜ್ಞಾನಿಯು ನೆಲವನ್ನು ಒಂದು ಬಕೀಟಿನಂತೆ ಭಾವಿಸಿದರು. ಅದರಲ್ಲಿ 15 ಸೆಂಟಿಮೀಟರ್ ನೀರು ಹಿಡಿಸುತ್ತದೆ. ಮಳೆ ಬಂದರೆ ತುಂಬುತ್ತದೆ, ಮಿಕ್ಕದ್ದು ಹರಿದುಹೋಗುತ್ತದೆ. ಇಂದಿನ ಮಾದರಿಗಳಲ್ಲಿ ನೆಲವು ಮಾಳಿಗೆಯ ಮನೆಯಂತೆ ಹಲವು ಪದರಗಳಾಗಿ, ಕೆಲವು ಮೀಟರುಗಳ ಆಳಕ್ಕೆ ಇಳಿಯುತ್ತದೆ. 1995ರಿಂದ ನಾನಾ ದೇಶಗಳ ಇಂಥ ಮಾದರಿಗಳನ್ನು ಒಂದೆಡೆ ಹೋಲಿಸಿ ನೋಡುವ ಜಾಗತಿಕ ಯೋಜನೆಯೊಂದು ನಡೆದುಬಂದಿದೆ. ಅದರ ಹೆಸರು ಸಿಮಿಪ್. ಪುಣೆಯ ಪಾಷಾಣ್‌ನಲ್ಲಿರುವ ಭಾರತೀಯ ಉಷ್ಣವಲಯ ಹವಾಶಾಸ್ತ್ರ ಸಂಸ್ಥೆಯ ಮಾದರಿಯೂ ಅದರ ಆರನೆಯ ಸುತ್ತಿನಲ್ಲಿ ಭಾಗವಹಿಸಿತು. ಪುಣೆಯ ನಮ್ಮ ಬಂಧುಗಳಿಗೆ ಇದು ನೆರೆಮನೆಯ ಸಮಾಚಾರವೇ ಸರಿ.

ಈಗ ತೊಡಕನ್ನು ನೋಡೋಣ. ಒಂದು ಹೊಲದ ಮಣ್ಣನ್ನು ತೆಗೆದುಕೊಳ್ಳಿ. ಅದರ ಒಟ್ಟು ಗಾತ್ರದಲ್ಲಿ ನೂರಕ್ಕೆ ಮೂವತ್ತು ಪಾಲು ನೀರಿದೆ ಎನ್ನೋಣ. ಒಬ್ಬರು ಇದನ್ನು 0.30 ಎಂದು ಬರೆಯುತ್ತಾರೆ. ಇನ್ನೊಬ್ಬರು ಮಣ್ಣನ್ನು 105 ಡಿಗ್ರಿ ಕಾವಿನ ಒಲೆಯಲ್ಲಿ ಒಣಗಿಸಿ, ಹೋದ ನೀರಿನ ತೂಕವನ್ನು ಒಣಮಣ್ಣಿನ ತೂಕದಿಂದ ಭಾಗಿಸುತ್ತಾರೆ. ಒಂದು ಘನ ಸೆಂಟಿಮೀಟರಿನಲ್ಲಿ ಒಣಮಣ್ಣು ಒಂದೂವರೆ ಗ್ರಾಂ ಇದ್ದರೆ ಅವರ ಉತ್ತರ 0.20. ಮೂರನೆಯವರು ಮಣ್ಣಿನಲ್ಲಿರುವ ಸಂದುಗಳು ಎಷ್ಟು ತುಂಬಿವೆ ಎಂದು ಕೇಳುತ್ತಾರೆ. ಸಂದುಗಳ ಪಾಲು ನೂರಕ್ಕೆ 43 ಆದರೆ ಅವರ ಉತ್ತರ ಶೇಕಡ 70. ನಾಲ್ಕನೆಯವರು ಮೇಲಿನ 10 ಸೆಂಟಿಮೀಟರ್ ಪದರದಲ್ಲಿ ಪ್ರತಿ ಚದರ ಮೀಟರಿಗೆ ಎಷ್ಟು ಕಿಲೋ ನೀರಿದೆ ಎಂದು ಲೆಕ್ಕ ಹಾಕಿ 30 ಎನ್ನುತ್ತಾರೆ. ಐದನೆಯವರು ಒಂದು ಮೀಟರ್ ಆಳದವರೆಗೂ ಇಳಿದು 300 ಎನ್ನುತ್ತಾರೆ. ಹೊಲ ಒಂದೇ, ದಿನ ಒಂದೇ, ನೀರೂ ಅದೇ. ಐವರೂ ಸುಳ್ಳು ಹೇಳಿಲ್ಲ. ಆದರೆ ಐವರೂ ತಮ್ಮ ಅಂಕಿಯ ತಲೆಯ ಮೇಲೆ ‘ಸಾಯಿಲ್ ಮಾಯಿಶ್ಚರ್’ ಎಂಬ ಒಂದೇ ಮಾತನ್ನು ಬರೆದರೆ, ಓದುವವನ ಗತಿಯೇನು? ಸಾಲದುದಕ್ಕೆ, ಮಣ್ಣಿನಲ್ಲಿ ಹೆಪ್ಪುಗಟ್ಟಿದ ಮಂಜುನೀರನ್ನು ಒಬ್ಬರು ಲೆಕ್ಕಕ್ಕೆ ಸೇರಿಸಿ, ಇನ್ನೊಬ್ಬರು ಬಿಟ್ಟರೆ ಹಿಮದ ನಾಡುಗಳ ಲೆಕ್ಕವೇ ಬೇರೆಯಾಗುತ್ತದೆ.

ಇದಕ್ಕೆ ಪರಿಹಾರವಾಗಿ ಬಂದದ್ದು ‘ಸಿ.ಎಫ್.’ ಎಂಬ ಒಪ್ಪಂದ. ಹವಾಮಾನದ ಅಂಕಿಗಳನ್ನು ಹೇಗೆ ಬರೆದಿಡಬೇಕೆಂಬ ಈ ಕಟ್ಟಳೆಯ ಮೊದಲ ಆವೃತ್ತಿ 2003ರಲ್ಲಿ ಹೊರಬಂದಿತು. ಇದರಲ್ಲಿ ಪ್ರತಿಯೊಂದು ರಾಶಿಗೂ ಒಂದು ಪ್ರಮಾಣನಾಮ, ಒಂದು ಮಾನ, ಒಂದು ವಿವರಣೆ ಇರುತ್ತವೆ. ನೆಲದ ನೀರಿಗೆ ಮೊದಲು ಅವರು ‘ಸಾಯಿಲ್ ಮಾಯಿಶ್ಚರ್ ಕಂಟೆಂಟ್’ ಎಂಬ ಹೆಸರಿಟ್ಟಿದ್ದರು. ತರುವಾಯ ಅದನ್ನು ಬಿಟ್ಟು ‘ಮಾಸ್ ಕಂಟೆಂಟ್ ಆಫ್ ವಾಟರ್ ಇನ್ ಸಾಯಿಲ್’ ಎಂದರು. ಬರಿಯ ಹೆಸರು ಉದ್ದವಾಯಿತೆಂದು ತೋರೀತು. ಆದರೆ ಒಂದೊಂದು ಪದವೂ ಒಂದು ಸಂದೇಹವನ್ನು ತೀರಿಸುತ್ತದೆ. ‘ಮಾಸ್’ ಎಂದುದರಿಂದ ಇದು ಗಾತ್ರವಲ್ಲ, ದ್ರವ್ಯರಾಶಿ. ‘ಕಂಟೆಂಟ್’ ಎಂದುದರಿಂದ ಒಂದು ಚದರ ಮೀಟರ್ ನೆಲಕ್ಕೆ ಇಷ್ಟು. ‘ವಾಟರ್’ ಎಂದರೆ ದ್ರವ, ಮಂಜುಗಡ್ಡೆ, ಆವಿ ಎಲ್ಲವೂ ಸೇರಿ. ಗಾತ್ರದ ಪಾಲಿಗೆ ಬೇರೆಯೇ ಹೆಸರು. ಒಂದೊಂದು ಪದರದ ನೀರಿಗೆ ಇನ್ನೊಂದು. ಹಳೆಯ ಹೆಸರನ್ನು ಅಳಿಸದೆ, ಅಡ್ಡಹೆಸರಾಗಿ ಪಟ್ಟಿಯಲ್ಲಿ ಉಳಿಸಿಕೊಂಡಿದ್ದಾರೆ. 2014ರಲ್ಲಿ ಬಿಜಾಪುರವು ಸರ್ಕಾರಿ ದಾಖಲೆಗಳಲ್ಲಿ ವಿಜಯಪುರವಾದರೂ ಹಳೆಯ ಪತ್ರಗಳು ರದ್ದಿಯಾಗಲಿಲ್ಲವಷ್ಟೆ, ಇದೂ ಹಾಗೆಯೇ.

ಸಿಮಿಪ್ ಯೋಜನೆಯವರು ಇವಕ್ಕೆ ಮುದ್ದಿನ ಹೆಸರುಗಳನ್ನೂ ಇಟ್ಟಿದ್ದಾರೆ. ‘ಎಂ.ಆರ್.ಎಸ್.ಓ.’ ಎಂದರೆ ಮಾದರಿಯ ಎಲ್ಲ ಪದರಗಳ ಒಟ್ಟು ನೀರು. ಅದಕ್ಕೆ ಇನ್ನೊಂದು ‘ಎಸ್.’ ಸೇರಿದರೆ ಮೇಲಿನ 10 ಸೆಂಟಿಮೀಟರಿನ ನೀರು ಮಾತ್ರ. ಒಂದಕ್ಷರದ ಅಂತರ, ಆದರೆ ಬಾಳ್ವೆಯ ಅಂತರ. ಏಕೆಂದರೆ ಭೂಮಿ ಕಾದಂತೆಲ್ಲ ಮೇಲ್ಮಣ್ಣು ಹಲವೆಡೆ ಬಲವಾಗಿ ಒಣಗುವುದೆಂದೂ, ಆಳದ ಮಣ್ಣು ಅಷ್ಟಾಗಿ ಒಣಗದೆಂದೂ 2017ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಮೇಲಿನ ಲೆಕ್ಕವನ್ನು ಒಟ್ಟು ಲೆಕ್ಕವೆಂದು ಓದಿದವನು ಬೇಕಾದುದಕ್ಕಿಂತ ಹೆಚ್ಚು ಹೆದರಿಯಾನು. ಒಟ್ಟು ಲೆಕ್ಕವನ್ನು ಮೇಲಿನದೆಂದು ಓದಿದವನು, ಮೊಳಕೆಯ ಬೇರಿಗೆ ನೀರಿಲ್ಲದಿದ್ದರೂ ನಿಶ್ಚಿಂತನಾಗಿಯಾನು. ಬಿತ್ತನೆ, ಕಾಲುವೆ, ಬರಪರಿಹಾರಗಳ ಯೋಜನೆ ಹಾಕುವವರಿಗೆ ಈ ಎರಡು ತಪ್ಪುಗಳೂ ದುಬಾರಿಯವು.

ಹೆಸರೊಂದರಿಂದಲೇ ಎಲ್ಲವೂ ಸರಿಹೋಗುತ್ತದೆಂದು ನಾವು ಹೇಳುವುದಿಲ್ಲ. ಒಂದು ಮಾದರಿಯ ನೆಲ ಮೂರು ಮೀಟರಿಗೆ ಮುಗಿದು, ಇನ್ನೊಂದರದು ಹತ್ತು ಮೀಟರಿಗೆ ಇಳಿದರೆ, ಅವೆರಡರ ‘ಒಟ್ಟು ನೀರ’ನ್ನು ಹಾಗೆಯೇ ತೂಗಿ ನೋಡುವಂತಿಲ್ಲ. ಆದುದರಿಂದ ಪದರದ ಆಳವನ್ನೂ ಅಂಕಿಗಳೊಡನೆ ಬರೆದಿಡಬೇಕು. 2015ರಲ್ಲಿ ಅಮೆರಿಕ ಹಾರಿಸಿದ ಸ್ಮ್ಯಾಪ್ ಉಪಗ್ರಹ ಆಕಾಶದಿಂದ ನೇರವಾಗಿ ಅಳೆಯುವುದು ಮೇಲಿನ ಸುಮಾರು 5 ಸೆಂಟಿಮೀಟರ್ ಮಣ್ಣಿನ ತೇವವನ್ನು ಮಾತ್ರ. ಅದನ್ನು ಮಾದರಿಯ 10 ಸೆಂಟಿಮೀಟರಿಗೆ ಹೋಲಿಸುವಾಗಲೂ ಎಚ್ಚರ ಬೇಕು. ಹೆಸರು ಸರಿಯಾಗಿದ್ದರೆ ಈ ಎಚ್ಚರಕ್ಕೆ ದಾರಿಯಾಗುತ್ತದೆ. ಇಲ್ಲದಿದ್ದರೆ ತಪ್ಪಾದುದೇ ತಿಳಿಯುವುದಿಲ್ಲ.

ನಮ್ಮ ಹಿರಿಯರ ಕಾಲದಲ್ಲಿ ಸೇರು ಊರಿಗೊಂದು ಬಗೆಯಾಗಿತ್ತು. 1956ರಲ್ಲಿ ಕಾಯಿದೆಯಾಗಿ, 1958ರ ಅಕ್ಟೋಬರಿನಿಂದ ಹಂತಹಂತವಾಗಿ ಕಿಲೋಗ್ರಾಂ ಬಳಕೆಗೆ ಬಂದಿತು. ಅಂದು ಗೊಣಗಿದವರು ಎಷ್ಟೋ ಮಂದಿ. ಆದರೆ ಇಂದು ನಾವು ಮುಂಬಯಿಯಲ್ಲಿ ಕೊಂಡರೂ ಮದರಾಸಿನಲ್ಲಿ ಕೊಂಡರೂ ಒಂದು ಕಿಲೋ ಬೇಳೆ ಒಂದೇ ಕಿಲೋ. ಹಾಗೆಂದು ಅಜ್ಜಿಯ ಅಡಿಗೆಮನೆಯ ಪಾವು, ಚಟಾಕುಗಳು ಸುಳ್ಳಾಗಲಿಲ್ಲ. ಅವು ಮನೆಯೊಳಗಿನ ಮಾತಾಗಿ ಉಳಿದುವು.

ರೈತನ ‘ಹದ’ವೂ ಹಾಗೆಯೇ ಉಳಿಯಲಿ. ಅವನ ಅಂಗೈಗೆ ಯಾವ ಪ್ರಮಾಣನಾಮವೂ ಬೇಕಾಗಿಲ್ಲ. ಆದರೆ ಪುಣೆಯ ಲೆಕ್ಕವನ್ನು ಪ್ಯಾರಿಸ್ಸಿನವರು, ಟೋಕಿಯೋದ ಲೆಕ್ಕವನ್ನು ಪುಣೆಯವರು ಓದಿ, ಅವನ ಹೊಲದ ನಾಳೆಯನ್ನು ಕುರಿತು ಮಾತಾಡಬೇಕಾದಾಗ, ಅವರೆಲ್ಲರೂ ಒಂದು ಮಾತಿಗೆ ಒಂದೇ ಅರ್ಥವನ್ನು ಇಟ್ಟುಕೊಳ್ಳಲಿ. ಅಷ್ಟು ಋಣ ಅವನಿಗೆ ಸಲ್ಲತಕ್ಕದ್ದು.