ನಮ್ಮ ಸಂಘಕ್ಕೂ ಒಂದು ವೆಬ್‌ಸೈಟ್: ಸರಳವಾಗಿದ್ದರೆ ಸಾಕು

ಹೋದ ವರ್ಷ ಸ್ವಸಹಾಯ ಸಂಘದ ಸದಸ್ಯೆಯೊಬ್ಬರು ಮಗಳ ವಿದ್ಯಾರ್ಥಿವೇತನಕ್ಕಾಗಿ ಒಂದು ಸಂಸ್ಥೆಯ ವೆಬ್‌ಸೈಟನ್ನು ಮೊಬೈಲಿನಲ್ಲಿ ತೆರೆದರು. ಮೊದಲು ದೊಡ್ಡ ದೊಡ್ಡ ಫೋಟೋಗಳು ಒಂದರ ಹಿಂದೆ ಒಂದು ಜಾರಿಕೊಂಡು ಬಂದವು. ಆಮೇಲೆ ಅಧ್ಯಕ್ಷರ ಸಂದೇಶ. ಅರ್ಜಿಯ ಕೊನೆಯ ದಿನಾಂಕ ಮಾತ್ರ ಕಾಣಲಿಲ್ಲ. ಅದು ಸ್ಕ್ಯಾನ್ ಮಾಡಿ ಹಾಕಿದ ಸುತ್ತೋಲೆಯ ಕೆಳಮೂಲೆಯಲ್ಲಿತ್ತು. ಗೊತ್ತಾಗುವಷ್ಟರಲ್ಲಿ ಎರಡು ದಿನ ಕಳೆದಿತ್ತು. "ನಂಗೆ ಇದೆಲ್ಲಾ ನೋಡೋಕೆ ಬರಲ್ಲ ಸಾರ್" ಅಂತ ಅವರು ತಮ್ಮನ್ನೇ ದೂರಿಕೊಂಡರು. ತಪ್ಪು ಅವರದಲ್ಲ, ಪುಟ ಮಾಡಿದವರದು.

ನಿಮ್ಮ ಸಂಘಕ್ಕೆ ವೆಬ್‌ಸೈಟ್ ಮಾಡುವ ಯೋಚನೆ ಇದ್ದರೆ ಕಂಪ್ಯೂಟರ್ ಮುಂದೆ ಕೂರುವ ಮೊದಲು ಒಂದು ವಾರ ಕಚೇರಿಯ ಬಾಗಿಲಲ್ಲಿ ನೋಟ್‌ಬುಕ್ ಹಿಡಿದು ಕೂತುಕೊಳ್ಳಿ. ಬಂದವರು ಏನು ಕೇಳುತ್ತಾರೆ? ಕಚೇರಿ ಎಷ್ಟು ಗಂಟೆಗೆ ತೆರೆಯುತ್ತದೆ, ಸಾಲಕ್ಕೆ ಯಾವ ದಾಖಲೆ ಬೇಕು, ಹೊಲಿಗೆ ತರಬೇತಿ ಯಾವಾಗ, ಯಾರಿಗೆ ಫೋನ್ ಮಾಡಬೇಕು. ಮೊದಲ ಪುಟದ ಮೇಲ್ಭಾಗದಲ್ಲಿ ಇರಬೇಕಾದದ್ದು ಇವುಗಳ ಉತ್ತರ. ಸಂದೇಶ, ಸನ್ಮಾನದ ಫೋಟೋ ಹಿಂದಿನ ಪುಟಗಳಲ್ಲಿ ಇರಲಿ, ಯಾರೂ ಬೇಸರಪಡುವುದಿಲ್ಲ (ಪಟ್ಟರೂ ಪರವಾಗಿಲ್ಲ).

ಮಾಹಿತಿಯನ್ನು ಚಿತ್ರವಾಗಿ ಹಾಕಬೇಡಿ, ಅಕ್ಷರವಾಗಿ ಟೈಪ್ ಮಾಡಿ. ಚಿತ್ರದೊಳಗಿನ ಅಕ್ಷರ ಸಣ್ಣ ಪರದೆಯಲ್ಲಿ ಓದಲು ಕಷ್ಟ, ಹುಡುಕಿದರೆ ಸುಲಭವಾಗಿ ಸಿಗುವುದಿಲ್ಲ. ದೃಷ್ಟಿ ಇಲ್ಲದವರು ಬಳಸುವ ಓದುವ ತಂತ್ರಾಂಶಕ್ಕೂ ಅದನ್ನು ಸರಿಯಾಗಿ ಓದಲಾಗದು. ಫೋಟೋ ಹಾಕಿದಾಗ ಅದರಲ್ಲಿ ಏನಿದೆ ಎಂದು ಒಂದು ಸಾಲು ವಿವರಣೆ ಸೇರಿಸಲು ಜಾಗವಿರುತ್ತದೆ, ಅದನ್ನು ಖಾಲಿ ಬಿಡಬೇಡಿ.

ಕನ್ನಡದವರಾದ ನಮಗೆ ಇನ್ನೊಂದು ತೊಂದರೆ ಇದೆ. ಡಿ.ಟಿ.ಪಿ. ಮಾಡುವವರು ಕೊಡುವ ಹಳೆಯ ನುಡಿ ಫಾಂಟಿನ ಬರಹವನ್ನು ಹಾಗೇ ವೆಬ್ ಪುಟಕ್ಕೆ ಅಂಟಿಸಿದರೆ, ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಯೂನಿಕೋಡ್‌ನಲ್ಲೇ ಬರೆಯಿರಿ. ಹಳೆಯ ಬರಹವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಆದರೆ ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದಬೇಕು. ನೋಟೋ ಸ್ಯಾನ್ಸ್ ಕನ್ನಡದಂಥ ಫಾಂಟುಗಳಿಗೂ ದುಡ್ಡು ಕೊಡಬೇಕಿಲ್ಲ.

ಪುಟ ಹಗುರವಾಗಿರಲಿ. ಮೊಬೈಲಿನಲ್ಲಿ ತೆಗೆದ ಒಂದು ಫೋಟೋ 3-4 ಎಂ.ಬಿ. ಇರಬಹುದು. ಅಗಲವನ್ನು 800 ಪಿಕ್ಸೆಲ್‌ಗೆ ಇಳಿಸಿದರೆ ಸಾಮಾನ್ಯವಾಗಿ 200 ಕೆ.ಬಿ.ಯೊಳಗೆ ಬರುತ್ತದೆ. ಉಚಿತ ಜಿಂಪ್ ತಂತ್ರಾಂಶದಲ್ಲಿ ಇದು ಎರಡು ನಿಮಿಷದ ಕೆಲಸ. ಟಿಮ್ ಬರ್ನರ್ಸ್-ಲೀ ಸರ್ನ್ ಪ್ರಯೋಗಾಲಯದಲ್ಲಿ ಮಾಡಿ 1991ರಲ್ಲಿ ಹೊರಜಗತ್ತಿಗೆ ತೆರೆದ ಮೊದಲ ವೆಬ್‌ಸೈಟಿನಲ್ಲಿ ಇದ್ದದ್ದು ಬರೀ ಬರಹ ಮತ್ತು ಕೊಂಡಿಗಳು. 2013ರಲ್ಲಿ ಸರ್ನ್ ಅದನ್ನು ಮತ್ತೆ ಹಳೆಯ ವಿಳಾಸದಲ್ಲಿಟ್ಟಿತು. ಇಂದಿನ ಫೋನಿನಲ್ಲೂ ಅದು ಸಲೀಸಾಗಿ ತೆರೆಯುತ್ತದೆ!

ಬಣ್ಣದ ವಿಷಯದಲ್ಲಿ, ಬಿಳಿಯ ಮೇಲೆ ಕಪ್ಪು ಒಳ್ಳೆಯದು. ಹಳದಿಯ ಮೇಲೆ ಬಿಳಿ ಬೇಡ. ವೆಬ್ ಸುಲಭಬಳಕೆಯ 2008ರ ಅಂತರರಾಷ್ಟ್ರೀಯ ಮಾರ್ಗಸೂಚಿ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ವ್ಯತ್ಯಾಸ ಕೇಳುತ್ತದೆ.

ಕಲಿಯುವ ಆಸೆ ಇರುವ ಯುವಕ ಯುವತಿಯರಿಗೆ ಮೊಜಿಲ್ಲಾದ ಎಂ.ಡಿ.ಎನ್. ಮತ್ತು ಡಬ್ಲ್ಯೂ3ಸ್ಕೂಲ್ಸ್ ತಾಣಗಳಲ್ಲಿ ಎಚ್.ಟಿ.ಎಂ.ಎಲ್. ಪಾಠಗಳು ಉಚಿತ. ಅಷ್ಟು ಪುರುಸೊತ್ತಿಲ್ಲದವರಿಗೆ ವರ್ಡ್‌ಪ್ರೆಸ್ ಇದೆ. ಯಾರು ಮಾಡಿದರೂ ವೆಬ್‌ಸೈಟಿನ ಹೆಸರನ್ನು ಸಂಘದ ಹೆಸರಿನಲ್ಲೇ ನೋಂದಾಯಿಸಿ, ಪಾಸ್‌ವರ್ಡ್ ಕಚೇರಿಯಲ್ಲೂ ಇರಲಿ. ಮಾಡಿಕೊಟ್ಟ ಹುಡುಗ ಕೆಲಸ ಸಿಕ್ಕಿ ಊರು ಬಿಟ್ಟ ಮೇಲೆ ನವೀಕರಣದ ಹಣ ಕಟ್ಟಲಾಗದೆ ಹೆಸರೇ ಕೈತಪ್ಪಬಹುದು.

ಪುಟ ಸಿದ್ಧವಾದ ಮೇಲೆ ಸಂಘದ ಸಭೆಗೆ ಬಂದ ಅಕ್ಕನೊಬ್ಬರ ಕೈಗೆ ಅವರದ್ದೇ ಫೋನ್ ಕೊಟ್ಟು, "ಅರ್ಜಿಯ ಕೊನೇ ದಿನ ಯಾವತ್ತು ಅಂತ ನೋಡಿ ಹೇಳಿ" ಅನ್ನಿ. ಬಾಯಿ ಬಿಡದೆ ಪಕ್ಕದಲ್ಲಿ ಕೂತು ನೋಡಿ. ಅವರ ಬೆರಳು ತಡವರಿಸಿದ ಜಾಗವನ್ನೆಲ್ಲ ಬರೆದುಕೊಂಡು ಅವತ್ತೇ ಸರಿಮಾಡಿ.