ಕೈಗೆ ಸಿಕ್ಕಿದ ಲೆಕ್ಕ

ಸಂಕ್ರಾಂತಿಯ ಆಸುಪಾಸಿನಲ್ಲಿ ಚುಂಚನಕಟ್ಟೆಯ ದನಗಳ ಜಾತ್ರೆ. ಕೊಳ್ಳಲು ಬಂದವರು ಎತ್ತಿನ ಬಾಯಿ ಬಿಡಿಸಿ ವಯಸ್ಸು ಹೇಳುತ್ತಾರೆ: ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಆಮೇಲೆ ಬಾಯಿಗೂಡಿದ್ದು. ಬೆಲೆ ಮಾತ್ರ ಯಾರ ಬಾಯಿಗೂ ಬರುವುದಿಲ್ಲ. ದಲ್ಲಾಳಿ ಟವೆಲಿನ ಮರೆಯಲ್ಲಿ ಎದುರಿನವನ ಕೈ ಹಿಡಿದು ಬೆರಳು ಒತ್ತುತ್ತಾನೆ. ಎದುರಿನವನು ತಲೆಯಾಡಿಸಿ ಒಂದು ಬೆರಳು ಬಿಡಿಸಿಕೊಳ್ಳುತ್ತಾನೆ. ಯಾವುದು ಸಾವಿರ, ಯಾವುದು ನೂರು ಎಂಬುದರಲ್ಲಿ ಇಬ್ಬರಿಗೂ ಗೊಂದಲವಿಲ್ಲ. ಕೋದಂಡರಾಮನ ಗುಡಿಯ ಪಕ್ಕದಲ್ಲೇ ಕಾವೇರಿ ಸುಮಾರು 20 ಮೀಟರ್ ಧುಮುಕುವ ಈ ಊರಿನಲ್ಲಿ, ಮಾತೇ ಇಲ್ಲದೆ ಜೋಡೆತ್ತಿನ ವ್ಯಾಪಾರ ಮುಗಿಯುತ್ತದೆ.

ಇಂಥ ಜಾತ್ರೆ ನೋಡಿ ಬೆಳೆದ ಮಗು ಹಲಗೆಯ ಮೇಲಿನ 52ರಲ್ಲಿ 27 ಕಳೆಯಲು ತಡವರಿಸಿದರೆ, ತಪ್ಪು ಅದರ ಕೈಗೆ ಏನನ್ನೂ ಕೊಡದ ಪಾಠದ್ದು.

ಈ ಸೀಮೆಯ ಯಾವುದಾದರೂ ನಲಿ-ಕಲಿ ಕೊಠಡಿಯನ್ನು ಹೊಕ್ಕು ನೋಡಿ. ತಲೆಯ ಮೇಲೆ ಕಲಿಕಾ ಚಪ್ಪರ. ದಾರದಲ್ಲಿ ಮಕ್ಕಳು ಬಿಡಿಸಿದ ಮೀನು, ಎತ್ತು, ಬಾಳೆಗೊನೆ ತೂಗುತ್ತಿರುತ್ತವೆ. ಗೋಡೆಯಲ್ಲಿ ಕಲಿಕಾ ಏಣಿ. ಒಂದು, ಎರಡು, ಮೂರನೆಯ ತರಗತಿಯವರು ಒಟ್ಟಿಗೇ, ‘ತಟ್ಟೆ’ ಎಂದು ಕರೆಯುವ ಗುಂಪುಗಳಲ್ಲಿ ಕೂತಿರುತ್ತಾರೆ. ತನ್ನ ಮೆಟ್ಟಿಲು ಯಾವುದು, ಮುಂದಿನ ಕಾರ್ಡ್ ಯಾವುದು ಎಂದು ಮಗುವೇ ಹುಡುಕಿಕೊಳ್ಳುತ್ತದೆ. ಈ ಪದ್ಧತಿ ಹುಟ್ಟಿದ್ದು ಇದೇ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, 1995ರಲ್ಲಿ. ಋಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ಕಂಡು ಬಂದ ಶಿಕ್ಷಕರೇ ಯುನಿಸೆಫ್ ನೆರವಿನಿಂದ ಇದನ್ನು ಕಟ್ಟಿದರು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಪಾಠ ಮಾಡುವವರೇ ಪಾಠದ ದಾರಿ ಹುಡುಕಿದ್ದು ನಮ್ಮ ಸೀಮೆಯ ದೊಡ್ಡ ಹೆಮ್ಮೆ.

ಒಂದು ತಟ್ಟೆಯ ಬಳಿ ಪೊರಕೆಕಡ್ಡಿಗಳ ರಾಶಿ. ಹತ್ತು ಕಡ್ಡಿಗೆ ಒಂದು ರಬ್ಬರ್ ಬ್ಯಾಂಡ್. ಅದೇ 52ರಲ್ಲಿ 27 ಕಳೆಯುವ ಹುಡುಗಿಯ ಮುಂದೆ ಐದು ಕಟ್ಟು, ಎರಡು ಬಿಡಿ.

‘ಮಿಸ್, ಎರಡ್ರಲ್ಲಿ ಏಳು ಹೋಗಾಕಿಲ್ಲ.’

‘ನಿನ್ ತಾವ ಇನ್ನೂ ಕಟ್ಟು ಅವಲ್ಲವ್ವ?’

ಅವಳು ಕಟ್ಟುಗಳನ್ನು ನೋಡುತ್ತಾಳೆ, ಮಿಸ್ ಮುಖ ನೋಡುತ್ತಾಳೆ. ರಬ್ಬರ್ ಬ್ಯಾಂಡ್ ಪಟ್ಟನೆ ಕಳಚುತ್ತದೆ. ಈಗ ಬಿಡಿ ಹನ್ನೆರಡು. ಏಳು ತೆಗೆದರೆ ಐದು. ಉಳಿದ ನಾಲ್ಕು ಕಟ್ಟಿನಲ್ಲಿ ಎರಡು ಹೋದರೆ ಎರಡು. ಇಪ್ಪತ್ತೈದು! ಐದನ್ನು ಹೊಡೆದು ನಾಲ್ಕು ಮಾಡಿ, ಎರಡರ ಹಿಂದೆ ಒಂದು ಗೀಚು ಎಂಬ ನಿಯಮವನ್ನು ಬಾಯಿಪಾಠ ಮಾಡಿದ ನಮ್ಮ ತಲೆಮಾರಿಗೆ, ಆ ಒಂದು ಎಲ್ಲಿಂದ ಬಂತೆಂದು ಕಾಣಲೇ ಇಲ್ಲ. ಇವಳು ತನ್ನ ಬೆರಳಿನಿಂದಲೇ ಅದನ್ನು ಬಿಚ್ಚಿದ್ದಾಳೆ.

ಪಕ್ಕದ ಕೊಠಡಿಯಲ್ಲಿ ನಾಲ್ಕು-ಐದನೆಯ ತರಗತಿ. ಅಲ್ಲಿ ಗಣಿತ ಕಲಿಕಾ ಆಂದೋಲನದ ಪೆಟ್ಟಿಗೆ. ಶಿಕ್ಷಣ ಇಲಾಖೆಯೊಂದಿಗೆ ಅಕ್ಷರ ಫೌಂಡೇಶನ್ ರೂಪಿಸಿದ್ದು. ಮಣಿಕಟ್ಟು, ದಾಳ, ತಕ್ಕಡಿ, ಆಟದ ನೋಟು, ಭಿನ್ನರಾಶಿ ಪಟ್ಟಿಗಳು. ಚೂರು ಕಳೆದೀತೆಂಬ ಭಯಕ್ಕೆ ಇಂಥ ಪೆಟ್ಟಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದು ನನಗೆ ಸಂಕಟದ ವಿಷಯ. ನಾಲ್ಕು ಪಟ್ಟಿ ಕಳೆಯಲಿ, ಮಕ್ಕಳ ಕೈಯಲ್ಲೇ ಸವೆದು ಹೋಗಲಿ.

ಅರ್ಧಕ್ಕೆ ಮೂರನೇ ಒಂದು ಕೂಡಿಸಿದರೆ ಎಷ್ಟು? ಮೇಲಿನದು ಮೇಲಕ್ಕೆ, ಕೆಳಗಿನದು ಕೆಳಕ್ಕೆ ಕೂಡಿ ಒಬ್ಬ ಐದನೇ ಎರಡು ಎಂದ. ‘ಇಟ್ ನೋಡು’ ಎಂದರು ಮಿಸ್. ಐದನೇ ಒಂದರ ಎರಡು ಪಟ್ಟಿ ಜೋಡಿಸಿದರೆ ಅದು ಅರ್ಧಕ್ಕಿಂತಲೂ ಮೋಟು! ಕೂಡಿಸಿದ ಮೇಲೆ ಕಡಿಮೆಯಾಗುವುದುಂಟೆ? ಗುಂಪಿಗೆ ಗುಂಪೇ ಪಟ್ಟಿಗಳ ಮೇಲೆ ಬಾಗಿತು. ಅರ್ಧದ ಪಕ್ಕ ಮೂರನೇ ಒಂದನ್ನಿಟ್ಟು, ಕೆಳಗೆ ಬೇರೆ ಬೇರೆ ಪಟ್ಟಿ ಇಟ್ಟು ನೋಡಿದರು. ಆರನೇ ಒಂದರ ಐದು ಪಟ್ಟಿ ಸರಿಯಾಗಿ ಕೂತವು.

ಮುಂದಿನ ಲೆಕ್ಕ ಮೂರನೇ ಒಂದಕ್ಕೆ ಐದನೇ ಒಂದು. ಯಾವ ಪಟ್ಟಿಯೂ ಹೊಂದಲಿಲ್ಲ.

‘ಮಿಸ್, ಇದಕ್ಕೆ ಪೆಟ್ಟಿಗೆಲಿ ಪಟ್ಟಿನೇ ಇಲ್ಲ.’

‘ಇಲ್ದಿದ್ರೆ ನೀವೇ ಮಾಡ್ಕಳಿ.’

ಚೌಕದ ಲೆಕ್ಕದ ಪುಸ್ತಕ ತೆರೆದರು. ಹತ್ತು ಚೌಕದ ಸಾಲು ಮೂರು ಪಾಲಾಗಲಿಲ್ಲ. ಹನ್ನೆರಡು ಐದು ಪಾಲಾಗಲಿಲ್ಲ. ಹದಿನೈದಕ್ಕೆ ಎರಡೂ ಒಪ್ಪಿದವು. ಐದು ಚೌಕಕ್ಕೆ ಕೆಂಪು, ಮೂರಕ್ಕೆ ನೀಲಿ. ಎಂಟು ಚೌಕ ತುಂಬಿದ ಮೇಲೆ ಮಿಸ್ ಸೀಮೆಸುಣ್ಣ ತೆಗೆದುಕೊಂಡು, ಹಲಗೆಯ ಮೇಲೆ ಮೊದಲ ಬಾರಿಗೆ ಲ.ಸಾ.ಅ. ಎಂದು ಬರೆದರು.