ದೂರದ ನಿಸ್ತಂತು ಸಂಪರ್ಕಕ್ಕೆ ಉಪಕರಣವನ್ನು ಆರಿಸುವ ಬಗೆ

ನಮ್ಮ ಶಾಲೆಯ ಗಣಕಯಂತ್ರದ ಕೊಠಡಿಗೂ ಊರ ಹೊರಗಿನ ವಿದ್ಯಾರ್ಥಿನಿಲಯಕ್ಕೂ ತಂತಿಯಿಲ್ಲದೆ ಅಂತರಜಾಲದ ಸಂಪರ್ಕವನ್ನು ಕಲ್ಪಿಸಬೇಕೆಂದು ವಿಜ್ಞಾನ ಸಂಘದವರಾದ ನಾವು ಎರಡು ವರ್ಷಗಳ ಹಿಂದೆ ಹೊರಟೆವು. ನಡುವಣ ದೂರ ಎರಡು ಕಿಲೋಮೀಟರಿಗಿಂತ ತುಸು ಹೆಚ್ಚು. ನಾವು ಕೊಂಡು ತಂದ ಉಪಕರಣದ ಪೆಟ್ಟಿಗೆಯ ಮೇಲೆ ‘15 ಕಿ.ಮೀ.’ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು. ಅದನ್ನು ಕಂಡು ನಾವು ನಿಶ್ಚಿಂತರಾದೆವು. ಬೇಸಗೆಯಲ್ಲಿ ಎರಡು ವಾರ ಸಂಪರ್ಕವು ಸೊಗಸಾಗಿ ನಡೆಯಿತು. ಮೊದಲ ಮಳೆ ಬಿದ್ದು, ದಾರಿಯಲ್ಲಿದ್ದ ಮರಗಳು ಚಿಗುರಿ ತುಂಬಿಕೊಂಡೊಡನೆ ಕಡಿದುಹೋಯಿತು. ವಿದ್ಯಾರ್ಥಿಗಳಿಂದ ಕೂಡಿಸಿದ ಹಣ ನೀರುಪಾಲಾಯಿತೆಂಬ ಮಾತು ಶಾಲೆಯಲ್ಲಿ ಹಬ್ಬಿತು. ಉಪಕರಣದಲ್ಲಿ ದೋಷವಿರಲಿಲ್ಲ, ದಾರಿಯನ್ನು ನೋಡದೆ ಬಂಡಿಯನ್ನು ಕೊಂಡ ದೋಷ ನಮ್ಮದಾಗಿತ್ತು.

ಆ ವರ್ಷದ ಪ್ರವಾಸದಲ್ಲಿ ನಾವು ಕೇರಳಕ್ಕೆ ಹೋದೆವು. ಎರ್ನಾಕುಳಂನಿಂದ ತಿರುವನಂತಪುರದವರೆಗೆ ರೈಲಿನಲ್ಲಿ ಸಾಗುವಾಗ ಎರಡೂ ಕಡೆ ತೆಂಗಿನ ತೋಟಗಳು, ಹಿನ್ನೀರು, ನಡುನಡುವೆ ಗೋಪುರಗಳ ಮೇಲೆ ಬಿಳಿಯ ಬೋಗುಣಿಗಳಂತಹ ಆಂಟೆನಾಗಳು ಕಾಣುತ್ತಿದ್ದುವು. ಆಗ ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ಕೇಳಿದನು: “ನಮ್ಮ ಮನೆಯ ಮಾಡಿನ ಮೇಲಿರುವ ಟಿ.ವಿ. ಬೋಗುಣಿಯು 36,000 ಕಿ.ಮೀ. ಎತ್ತರದ ಉಪಗ್ರಹದ ಮಾತನ್ನು ಕೇಳುತ್ತದೆಯಲ್ಲವೇ? ಹಾಗಿದ್ದರೆ ಕೊಚ್ಚಿಯ ಬೋಗುಣಿಗೆ ತಿರುವನಂತಪುರದ ಮಾತು ಏಕೆ ಕೇಳಿಸಬಾರದು?” ಪ್ರಶ್ನೆ ಸರಳವಾದುದು, ಆದರೆ ದೂರದ ನಿಸ್ತಂತು ಸಂಪರ್ಕದ ಮರ್ಮವೆಲ್ಲ ಅದರ ಉತ್ತರದಲ್ಲಿದೆ. ಆ ಉತ್ತರವನ್ನು ನಮ್ಮ ಕಿರಿಯ ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕೊಚ್ಚಿಗೂ ತಿರುವನಂತಪುರಕ್ಕೂ ನೇರಗೆರೆಯಲ್ಲಿ ಸುಮಾರು 180 ಕಿ.ಮೀ. ದೂರ. ಉಪಗ್ರಹದ ದೂರದೊಡನೆ ಹೋಲಿಸಿದರೆ ಇದು ಏನೂ ಅಲ್ಲ. ಆದರೆ ಉಪಗ್ರಹಕ್ಕೂ ನಮಗೂ ನಡುವೆ ಬರಿಯ ಆಕಾಶವಿದೆ. ಈ ಎರಡು ಪಟ್ಟಣಗಳ ನಡುವೆ ಭೂಮಿಯೇ ಅಡ್ಡ ನಿಂತಿದೆ. ಭೂಮಿಯು ಗೋಲವಾದುದರಿಂದ ನೆಲವು ನಡುವಿನಲ್ಲಿ ಉಬ್ಬಿರುತ್ತದೆ. ಗಾಳಿಯು ತರಂಗವನ್ನು ತುಸು ಬಾಗಿಸಿ ನಮಗೆ ಉಪಕಾರ ಮಾಡುತ್ತದೆಯಾದರೂ, ಅದನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ 180 ಕಿ.ಮೀ. ಹಾದಿಯ ನಡುಮಧ್ಯದಲ್ಲಿ ಈ ಉಬ್ಬು ಸುಮಾರು 475 ಮೀಟರು. ಸಮುದ್ರಮಟ್ಟದ ಎರಡು ಊರುಗಳಲ್ಲಿ ಅಷ್ಟೆತ್ತರದ ಗೋಪುರಗಳನ್ನು ಕಟ್ಟುವವರು ಯಾರು? 30 ಮೀಟರು ಎತ್ತರದ ಗೋಪುರದಿಂದ ನಿಸ್ತಂತು ತರಂಗದ ದಿಗಂತವು ಸುಮಾರು 22 ಕಿ.ಮೀ.; ಅಂತಹ ಎರಡು ಗೋಪುರಗಳು ಒಂದನ್ನೊಂದು ಕಾಣಬಲ್ಲ ಗರಿಷ್ಠ ದೂರ ಸುಮಾರು 45 ಕಿ.ಮೀ.

ಎತ್ತರವಿದ್ದರೆ ಎಷ್ಟು ದೂರ ಹಾಯಬಹುದೆಂಬುದಕ್ಕೆ ವೆನೆಜುವೆಲಾ ದೇಶದಲ್ಲಿ ಒಂದು ನಿದರ್ಶನ ದೊರೆಯುತ್ತದೆ. ಅಲ್ಲಿನ ಎರ್ಮಾನ್ನೊ ಪಿಯೆತ್ರೊಸೆಮೊಲಿ ಎಂಬ ವಿದ್ವಾಂಸರೂ ಅವರ ಸಂಗಡಿಗರೂ 2007ರಲ್ಲಿ, ಮನೆಗಳಲ್ಲಿ ಬಳಸುವ ಸಾಮಾನ್ಯ ವೈ-ಫೈ ಉಪಕರಣಗಳಿಗೆ ದೊಡ್ಡ ಆಂಟೆನಾಗಳನ್ನು ಜೋಡಿಸಿ 382 ಕಿ.ಮೀ. ದೂರಕ್ಕೆ ಸಂಪರ್ಕವನ್ನು ಸಾಧಿಸಿದರು. ಅವರ ಒಂದು ತುದಿಯು ಆಂಡೀಸ್ ಪರ್ವತದಲ್ಲಿ ನಾಲ್ಕು ಸಾವಿರ ಮೀಟರಿಗೂ ಮಿಕ್ಕ ಎತ್ತರದಲ್ಲಿತ್ತು. ಅಲ್ಲಿ ಗೆದ್ದುದು ಪೆಟ್ಟಿಗೆಯಲ್ಲ, ಬೆಟ್ಟ.

ಕಣ್ಣಿಗೆ ಎದುರು ತುದಿ ಕಂಡರೆ ಸಾಕೇ ಎಂದರೆ, ಅದೂ ಸಾಲದು. ತರಂಗವು ದಾರದಂತೆ ಒಂದೇ ಗೆರೆಯಲ್ಲಿ ಹರಿಯುವುದಿಲ್ಲ. ಎರಡು ತುದಿಗಳಲ್ಲಿ ಸಣ್ಣದಾಗಿ, ನಡುವಿನಲ್ಲಿ ದಪ್ಪನಾಗಿ, ಸೌತೆಕಾಯಿಯ ಆಕಾರದ ಒಂದು ಪ್ರದೇಶವನ್ನು ಅದು ತನ್ನ ಹಾದಿಯಾಗಿ ಬೇಡುತ್ತದೆ. ಫ್ರಾನ್ಸಿನ ವಿಜ್ಞಾನಿಯ ಹೆಸರಿನಿಂದ ಇದನ್ನು ಫ್ರೆನೆಲ್ ವಲಯವೆಂದು ಕರೆಯುತ್ತಾರೆ. 5.8 ಗಿಗಾಹರ್ಟ್ಸ್ ಆವೃತ್ತಿಯ ತರಂಗಕ್ಕೆ 20 ಕಿ.ಮೀ. ಹಾದಿಯ ನಡುವಿನಲ್ಲಿ ಈ ವಲಯದ ತ್ರಿಜ್ಯ ಸುಮಾರು 16 ಮೀಟರು. ಅದರಲ್ಲಿ ನೂರಕ್ಕೆ ಅರುವತ್ತು ಪಾಲಾದರೂ, ಎಂದರೆ ಸುಮಾರು 10 ಮೀಟರು, ತೆರವಾಗಿರಬೇಕು. ಈಗ ಕೇರಳದ ತೀರಕ್ಕೆ ಈ ಲೆಕ್ಕವನ್ನು ಅನ್ವಯಿಸೋಣ. ಬೆಳೆದ ತೆಂಗಿನಮರ 20 ಮೀಟರು. ಭೂಮಿಯ ಉಬ್ಬು 6 ಮೀಟರು. ತರಂಗದ ತೆರವು 10 ಮೀಟರು. ಒಟ್ಟು 36 ಮೀಟರು. ಇಷ್ಟೆತ್ತರದ ಆಧಾರ ಎರಡು ಕಡೆಗಳಲ್ಲೂ ಇಲ್ಲದಿದ್ದರೆ ಎಂತಹ ಬೆಲೆಬಾಳುವ ಉಪಕರಣವನ್ನು ತಂದರೂ ಫಲವಿಲ್ಲ. ತೆಂಗಿನ ಹಸಿ ಗರಿಗಳಲ್ಲಿರುವ ನೀರು ತರಂಗವನ್ನು ಹೀರುತ್ತದೆ. ಮಳೆಯಲ್ಲಿ ತೊಯ್ದು ಗಾಳಿಗೆ ತೂಗಾಡುವ ಗರಿಗಳಂತೂ ಸಂಪರ್ಕವನ್ನು ಕ್ಷಣಕ್ಕೊಮ್ಮೆ ಕಡಿಯುತ್ತವೆ. ನಮ್ಮ ವಿದ್ಯಾರ್ಥಿನಿಲಯದ ಹಾದಿಯಲ್ಲಿ ನಡೆದುದೂ ಇದೇ.

ಆದುದರಿಂದ ಉಪಕರಣದ ಆಯ್ಕೆಯು ಅಂಗಡಿಯಲ್ಲಿ ಅಲ್ಲ, ಮಾಳಿಗೆಯ ಮೇಲೆ ಮೊದಲಾಗಬೇಕು. ನಕ್ಷೆಯಲ್ಲಿ ಗೆರೆ ಎಳೆದು ನಡುವಿನ ದಿಣ್ಣೆ, ಮರ, ಕಟ್ಟಡಗಳನ್ನು ಗುರುತಿಸಬೇಕು. ಬಿಸಿಲಿರುವ ದಿನ ಒಂದು ತುದಿಯಿಂದ ಕನ್ನಡಿಯಲ್ಲಿ ಬೆಳಕನ್ನು ಹಾಯಿಸಿ, ಇನ್ನೊಂದು ತುದಿಯಲ್ಲಿ ದುರ್ಬೀನು ಹಿಡಿದು ನೋಡಬೇಕು. ಈಗಿರುವ ಮರಗಳನ್ನು ಮಾತ್ರವಲ್ಲ, ಐದು ವರ್ಷದ ಮೇಲೆ ಅವು ಎಷ್ಟೆತ್ತರ ಬೆಳೆಯುವುವೆಂಬುದನ್ನೂ ಎಣಿಸಬೇಕು.

ಹಾದಿ ನಿಶ್ಚಯವಾದ ಮೇಲೆ ತರಂಗದ ಆವೃತ್ತಿಯನ್ನು ಆರಿಸಬೇಕು. 2.4 ಗಿಗಾಹರ್ಟ್ಸ್ ಪಟ್ಟಿಯು ಮನೆಮನೆಯ ವೈ-ಫೈಯಿಂದ ತುಂಬಿಹೋಗಿದೆ. ಕೊಚ್ಚಿಯಂತಹ ನಗರದಲ್ಲಿ ಅದು ಸಂತೆಯಲ್ಲಿ ಪಿಸುಮಾತನಾಡಿದಂತೆ. ಇದಕ್ಕೆ ವಿರುದ್ಧವಾಗಿ 10 ಗಿಗಾಹರ್ಟ್ಸಿಗೂ ಮೇಲಿನ ತರಂಗಗಳು ಹೇರಳವಾಗಿ ಮಾಹಿತಿಯನ್ನು ಒಯ್ಯಬಲ್ಲುವಾದರೂ, ಅವುಗಳ ಅಲೆಯುದ್ದವು ಸಣ್ಣದಾದುದರಿಂದ ಮಳೆಯ ಹನಿಗಳೇ ಅವನ್ನು ತಡೆಯುತ್ತವೆ. ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿನಷ್ಟು ಮಳೆ ಸುರಿಯುವ ಕೇರಳದಲ್ಲಿ ಅವುಗಳನ್ನು ದೂರದ ಕೆಲಸಕ್ಕೆ ನೆಚ್ಚುವಂತಿಲ್ಲ. ನಡುವಣ 5 ಗಿಗಾಹರ್ಟ್ಸ್ ಪಟ್ಟಿಯು ಮಳೆಗೆ ಅಷ್ಟಾಗಿ ಅಂಜುವುದಿಲ್ಲ. ಭಾರತ ಸರ್ಕಾರವು 2018ರಲ್ಲಿ ಈ ಪಟ್ಟಿಯ ಹೆಚ್ಚಿನ ಭಾಗವನ್ನು ಪರವಾನಗಿಯಿಲ್ಲದೆ ಬಳಸಲು ಬಿಟ್ಟುಕೊಟ್ಟಿತು. ಆದರೆ ಹೊರಸೂಸುವ ಶಕ್ತಿಗೆ ಮಿತಿಯನ್ನು ವಿಧಿಸಿದೆ. ಅನುಮೋದನೆ ಪಡೆದ ಉಪಕರಣವನ್ನೇ ಬಳಸಬೇಕು.

ಇನ್ನು ಶಕ್ತಿಯ ಜಮಾಖರ್ಚು. ಇದನ್ನು ಡೆಸಿಬೆಲ್ ಎಂಬ ಮಾನದಲ್ಲಿ ಬರೆಯುತ್ತಾರೆ. ಇದರಲ್ಲಿ 3 ಕಳೆದರೆ ಶಕ್ತಿಯು ಅರ್ಧವಾಗುತ್ತದೆ, 10 ಕಳೆದರೆ ಹತ್ತನೆಯ ಒಂದು ಪಾಲಾಗುತ್ತದೆ. ಒಂದು ಮಿಲಿವ್ಯಾಟನ್ನು ಸೊನ್ನೆಯೆಂದು ಹಿಡಿದರೆ, ಪ್ರೇಷಕವೂ ಅದರ ಬೋಗುಣಿಯೂ ಕೂಡಿ ಎದುರು ದಿಕ್ಕಿಗೆ ಸೂಸುವ 4 ವ್ಯಾಟಿನ ಬಲವು 36 ಡೆಸಿಬೆಲ್. ಇದು ಜಮೆ. 20 ಕಿ.ಮೀ. ಬಯಲನ್ನು ದಾಟುವಾಗ 5.8 ಗಿಗಾಹರ್ಟ್ಸ್ ತರಂಗವು ಸುಮಾರು 134ನ್ನು ಕಳೆದುಕೊಳ್ಳುತ್ತದೆ. ಇದು ಖರ್ಚು. ಎದುರು ತುದಿಯಲ್ಲಿ 65 ಸೆಂಟಿಮೀಟರು ಅಗಲದ ಬೋಗುಣಿಯಿದ್ದರೆ ಅದು ಸುಮಾರು 30ನ್ನು ಸಂಪಾದಿಸಿಕೊಡುತ್ತದೆ. ಉಳಿಯುವುದು ಸೊನ್ನೆಗಿಂತ 68 ಕೆಳಗೆ. ಗ್ರಾಹಕವು ಸೊನ್ನೆಗಿಂತ 80 ಕೆಳಗಿನ ದನಿಯನ್ನೂ ಕೇಳಬಲ್ಲುದಾದರೆ ನಮ್ಮ ಕೈಯಲ್ಲಿ 12 ಡೆಸಿಬೆಲ್ ಉಳಿತಾಯವಿದೆ. ಮಳೆ, ಮಂಜು, ತುಕ್ಕು, ಬೋಗುಣಿಯ ಅಲುಗಾಟ ಇವೆಲ್ಲವೂ ಈ ಉಳಿತಾಯದಿಂದಲೇ ಸುಂಕ ಕೀಳುತ್ತವೆ. ದೂರವು ಇಮ್ಮಡಿಯಾದರೆ 6 ಡೆಸಿಬೆಲ್ ಹೋಗಿಬಿಡುತ್ತದೆ. ಪೆಟ್ಟಿಗೆಯ ಮೇಲಿನ ಕಿಲೋಮೀಟರುಗಳನ್ನು ನಂಬದೆ ಈ ಮೂರು ಸಂಖ್ಯೆಗಳನ್ನು, ಎಂದರೆ ಸೂಸುವ ಬಲ, ಆಂಟೆನಾದ ಗಳಿಕೆ, ಗ್ರಾಹಕದ ಸೂಕ್ಷ್ಮತೆ ಇವನ್ನು ಕೇಳಿ ಪಡೆಯುವವನೇ ಜಾಣ ಗಿರಾಕಿ.

ಬೋಗುಣಿ ದೊಡ್ಡದಾದಷ್ಟೂ ಗಳಿಕೆ ಹೆಚ್ಚು. ಆದರೆ ಅದರ ನೋಟ ಕಿರಿದು. ಮೇಲೆ ಹೇಳಿದ ಬೋಗುಣಿಯ ನೋಟ ಐದಾರು ಅಂಶಗಳು ಮಾತ್ರ. ಗಾಳಿಗೆ ಕಂಬವು ತುಸು ತಿರುಗಿದರೂ ಗುರಿ ತಪ್ಪುತ್ತದೆ. ಎರಡು ತುದಿಗಳು ಸ್ಥಿರವಾಗಿರುವಲ್ಲಿ ಬೋಗುಣಿಯೇ ಸರಿ. ಒಂದು ತುದಿ ಚಲಿಸುತ್ತಿದ್ದರೆ? ಕೊಚ್ಚಿಗೂ ತಿರುವನಂತಪುರಕ್ಕೂ ನಡುವಣ ಸಮುದ್ರದಲ್ಲಿ ಈ ಪ್ರಶ್ನೆ ಜೀವನ್ಮರಣದ ಪ್ರಶ್ನೆಯಾಗಿದೆ. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಎದ್ದಾಗ ತಿರುವನಂತಪುರ ತೀರದ ಅನೇಕ ಬೆಸ್ತರು ಆಗಲೇ ಕಡಲಿನಲ್ಲಿದ್ದರು. ಮೊಬೈಲು ದೂರವಾಣಿಯ ಸಂಕೇತವು ತೀರದಿಂದ ಸ್ವಲ್ಪ ದೂರದವರೆಗೆ ಮಾತ್ರ ತಲುಪುವುದರಿಂದ ಅದರಾಚೆ ಹೋದವರಿಗೆ ಮುನ್ನೆಚ್ಚರಿಕೆ ಮುಟ್ಟಲಿಲ್ಲ. ಅವರಲ್ಲಿ ಬಹುಮಂದಿ ಮರಳಿ ಬರಲಿಲ್ಲ.

ಕೊಲ್ಲಂ ಜಿಲ್ಲೆಯ ಅಮೃತಪುರಿಯಲ್ಲಿರುವ ಅಮೃತ ವಿಶ್ವವಿದ್ಯಾಪೀಠದ ಸಂಶೋಧಕರು ಓಖಿಗೂ ಮೊದಲಿನಿಂದಲೇ ಈ ಕೊರತೆಯನ್ನು ನೀಗಿಸಲು ‘ಓಷನ್‌ನೆಟ್’ ಎಂಬ ಪ್ರಯತ್ನದಲ್ಲಿ ತೊಡಗಿದ್ದರು. ತೀರದ ಎತ್ತರದ ಗೋಪುರದಿಂದ ದೂರಗಾಮಿ ವೈ-ಫೈ ತರಂಗವನ್ನು ಕಡಲಿನತ್ತ ಸೂಸಿ, ದೋಣಿಯಲ್ಲಿರುವ ಉಪಕರಣದ ಮೂಲಕ ಬೆಸ್ತರ ಸಾಮಾನ್ಯ ಮೊಬೈಲಿಗೆ ಸಂಪರ್ಕ ದೊರಕಿಸುವುದು ಅದರ ಕ್ರಮ. ಪ್ರಯೋಗಗಳಲ್ಲಿ 40 ಕಿ.ಮೀ.ಗೂ ಮಿಕ್ಕ ದೂರ ಸಾಧ್ಯವಾಯಿತು. ದೋಣಿ ಅಲೆಯ ಮೇಲೆ ತೂಗುತ್ತದೆ, ತಿರುಗುತ್ತದೆ. ಆದುದರಿಂದ ತೀರದಲ್ಲಿ ಬೀಸಣಿಗೆಯಂತೆ ಅಗಲವಾಗಿ ಹರಡುವ ಆಂಟೆನಾ ಬೇಕು, ದೋಣಿಯಲ್ಲಿ ಯಾವ ಕಡೆಗೆ ತಿರುಗಿದರೂ ತೀರದ ದಿಕ್ಕನ್ನು ಬಿಡದ ಏರ್ಪಾಡು ಬೇಕು.

ದೂರ ಹೆಚ್ಚಿದಂತೆ ಇನ್ನೊಂದು ತೊಡಕೂ ಉಂಟು. ಮನೆಯ ವೈ-ಫೈಯು ಒಂದು ತುಣುಕು ಮಾಹಿತಿಯನ್ನು ಕಳಿಸಿ “ಮುಟ್ಟಿತು” ಎಂಬ ಉತ್ತರಕ್ಕಾಗಿ ಅತ್ಯಲ್ಪ ಕಾಲ ಕಾಯುತ್ತದೆ. 20 ಕಿ.ಮೀ. ಹೋಗಿ ಬರಲು ತರಂಗಕ್ಕೆ ಸುಮಾರು 133 ಮೈಕ್ರೋಸೆಕೆಂಡು ಬೇಕು. ಅಷ್ಟರೊಳಗೆ ತಾಳ್ಮೆಗೆಟ್ಟ ಯಂತ್ರವು ಅದೇ ತುಣುಕನ್ನು ಮತ್ತೆ ಕಳಿಸುತ್ತದೆ. ಮಾತಿನ ಮೇಲೆ ಮಾತು ಬಿದ್ದು ಗೊಂದಲವಾಗುತ್ತದೆ. ಕೇರಳದ ಗಡಿಯಾಚೆ ತಮಿಳುನಾಡಿನ ತೇನಿಯಲ್ಲಿ ಅರವಿಂದ ಕಣ್ಣಾಸ್ಪತ್ರೆಯನ್ನು ಹಳ್ಳಿಗಳ ನೇತ್ರಕೇಂದ್ರಗಳೊಡನೆ ಜೋಡಿಸುವಾಗ, ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಎರಡು ತುದಿಗಳೂ ಸರದಿಯ ಪ್ರಕಾರ ಮಾತನಾಡುವ ಕ್ರಮವನ್ನು ಅಳವಡಿಸಿದರು. ಅದರಿಂದ ಹಳ್ಳಿಯ ರೋಗಿಯು ತನ್ನ ಊರಿನಲ್ಲೇ ಕುಳಿತು ವೈದ್ಯರಿಗೆ ಕಣ್ಣು ತೋರಿಸುವಂತಾಯಿತು. ದೂರದ ಕೆಲಸಕ್ಕೆ ಉಪಕರಣ ಕೊಳ್ಳುವಾಗ ಇಂತಹ ಕಾಲವಿಭಾಗದ ಕ್ರಮ ಅದರಲ್ಲಿದೆಯೇ ಎಂದು ಕೇಳತಕ್ಕದ್ದು.

ಕೊಚ್ಚಿಯ ದ್ವೀಪಗಳ ನಡುವೆ ಮರವಿಲ್ಲದ ನೀರಿನ ಬಯಲು ಸಂಪರ್ಕಕ್ಕೆ ಹೇಳಿ ಮಾಡಿಸಿದಂತೆ ತೋರುತ್ತದೆ. ಆದರೆ ನೀರು ಕನ್ನಡಿಯಂತೆ ತರಂಗವನ್ನು ಪ್ರತಿಫಲಿಸುತ್ತದೆ. ನೇರವಾಗಿ ಬಂದುದೂ ನೀರಿನಿಂದ ಚಿಮ್ಮಿ ಬಂದುದೂ ಕೆಲವೊಮ್ಮೆ ಒಂದನ್ನೊಂದು ಅಳಿಸಿಬಿಡುತ್ತವೆ. ಉಬ್ಬರವಿಳಿತದೊಡನೆ ಈ ಅಳಿಸುವಿಕೆಯೂ ಬದಲಾಗುತ್ತದೆ. ಇದಕ್ಕೆ ಒಂದೇ ಕಂಬದಲ್ಲಿ ಬೇರೆಬೇರೆ ಎತ್ತರಗಳಲ್ಲಿ ಎರಡು ಆಂಟೆನಾಗಳನ್ನು ನಿಲ್ಲಿಸುವುದು ಪರಿಹಾರ: ಒಂದಕ್ಕೆ ಕೇಳದುದು ಇನ್ನೊಂದಕ್ಕೆ ಕೇಳಿಸುತ್ತದೆ.

ಕೊನೆಯದಾಗಿ ಉಪಕರಣದ ಮೈಕಟ್ಟು. ಕಡಲ ಗಾಳಿಯ ಉಪ್ಪು ಸಾಮಾನ್ಯ ಮೊಳೆ, ಹಿಡಿಕೆಗಳನ್ನು ಬಹುಬೇಗ ತಿಂದುಹಾಕುತ್ತದೆ. ಅವು ತುಕ್ಕು ಹಿಡಿಯದ ಉಕ್ಕಿನವಾಗಿರಬೇಕು. ಪೆಟ್ಟಿಗೆಯೊಳಕ್ಕೆ ನೀರೂ ದೂಳೂ ನುಗ್ಗಬಾರದು. ಕೇಬಲ್ಲು ಬಿಸಿಲಿಗೆ ಬಿರಿಯದಂತಿರಬೇಕು; ಮಾಹಿತಿಯನ್ನೂ ವಿದ್ಯುತ್ತನ್ನೂ ಒಟ್ಟಿಗೆ ಒಯ್ಯುವ ಅದರ ಉದ್ದ 100 ಮೀಟರು ಮೀರಬಾರದು. ಅದು ಗೋಡೆಯನ್ನು ಹೊಗುವ ಮೊದಲು ಕೆಳಕ್ಕೊಂದು ಬಾಗು ಕೊಟ್ಟರೆ ಮಳೆನೀರು ಅಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ. ಮುಂಗಾರಿಗೆ ಮೊದಲೂ ಹಿಂಗಾರಿನಲ್ಲೂ ಕೇರಳದ ಗುಡುಗುಸಿಡಿಲು ಪ್ರಬಲವಾದುದು. ಆದ್ದರಿಂದ ಸಿಡಿಲು ತಡೆಯುವ ಸಾಧನವನ್ನೂ ನೆಲಕ್ಕೆ ಇಳಿಬಿಟ್ಟ ತಾಮ್ರದ ತಂತಿಯನ್ನೂ ಮರೆಯಬಾರದು. ಇವುಗಳಲ್ಲಿ ಉಳಿಸಿದ ನೂರು ರೂಪಾಯಿ ಸಾವಿರಗಳನ್ನು ಕಳೆಯುತ್ತದೆ.

ಹಾಗಾದರೆ ಆ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರವೇನು? ಕೊಚ್ಚಿಯಿಂದ ತಿರುವನಂತಪುರಕ್ಕೆ ಒಂದೇ ನೆಗೆತ ಸಾಧ್ಯವಿಲ್ಲ. ಮೂವತ್ತು ನಲ್ವತ್ತು ಕಿಲೋಮೀಟರಿಗೊಂದು ಗೋಪುರದಂತೆ ಆಲಪ್ಪುಳ, ಕೊಲ್ಲಂಗಳನ್ನು ಹಾಯ್ದು ಐದಾರು ನೆಗೆತಗಳಲ್ಲಿ ಹೋಗಬಹುದು. ಆದರೆ ನಡುವಿನ ಒಂದು ಗೋಪುರ ಮಲಗಿದರೆ ಎಲ್ಲವೂ ಮಲಗುತ್ತದೆ. ನೆಲದ ಮೇಲೆ ಇಂತಹ ಹಾದಿಗೆ ಬೆಳಕಿನ ತಂತುವೇ ಮೇಲು. ಕೇರಳ ಸರ್ಕಾರವೂ 2023ರ ಜೂನ್‌ನಲ್ಲಿ ಉದ್ಘಾಟಿಸಿದ ಕೆ-ಫೋನ್ ಯೋಜನೆಗೆ ತಂತುವಿನ ಜಾಲವನ್ನೇ ಆರಿಸಿತು. ತಂತು ಹೋಗಲಾರದ ಕಡಲಿಗೆ, ದ್ವೀಪಕ್ಕೆ, ಬೆಟ್ಟದ ಹಳ್ಳಿಗೆ ನಿಸ್ತಂತುವೇ ಗತಿ. ಎಲ್ಲಿ ಯಾವುದು ಸಲ್ಲುತ್ತದೆಂಬ ವಿವೇಕವೇ ಮೊದಲನೆಯ ಆಯ್ಕೆ, ಉಪಕರಣ ಎರಡನೆಯದು.

ಪ್ರವಾಸದಿಂದ ಮರಳಿದ ಮೇಲೆ ನಾವು ಹೊಸದೇನನ್ನೂ ಕೊಳ್ಳಲಿಲ್ಲ. ಎರಡು ಭಾನುವಾರ ನಕ್ಷೆ, ಕನ್ನಡಿ, ದುರ್ಬೀನುಗಳೊಡನೆ ಮಾಳಿಗೆ ಹತ್ತಿ ಅಳೆದೆವು. ಎರಡು ಕಿಲೋಮೀಟರಿನ ಹಾದಿಗೆ ಮರಗಳ ತಲೆಯ ಮೇಲೆ ಸುಮಾರು 3 ಮೀಟರು ತೆರವು ಸಾಕೆಂದು ಲೆಕ್ಕ ಹೇಳಿತು. ಶಾಲೆಯ ಕಡೆಯ ಆಂಟೆನಾವನ್ನು ನೀರಿನ ತೊಟ್ಟಿಯ ಮೇಲಕ್ಕೆ ಏರಿಸಿ, ವಿದ್ಯಾರ್ಥಿನಿಲಯದ ಕಂಬವನ್ನು ಎತ್ತರಿಸಿದೆವು. ನೀರುಪಾಲಾಯಿತೆಂದುಕೊಂಡ ಆ ಹಳೆಯ ಉಪಕರಣವೇ ಈ ವರ್ಷದ ಮಳೆಗಾಲವನ್ನು ದಾಟಿ ಇಂದಿಗೂ ನಡೆಯುತ್ತಿದೆ. ಮರವೊಂದನ್ನೂ ಕಡಿಯಬೇಕಾಗಲಿಲ್ಲ.